ಒಮ್ಮೆ ಪಾಸಾದರೆ ಸಾಕೇ?

ಬೆಂಗಳೂರಿನ ಪೀಣ್ಯ ಮೇಲ್ಸೇತುವೆ ಭಾರ ಪರೀಕ್ಷೆಯಲ್ಲಿ ಪಾಸಾಗಿದೆ, ಇನ್ನೂ ನಿಗಾ ಏಕೆ ಎಂದು ಕೇಳಿದ್ದೀರಿ. ಆ ಪರೀಕ್ಷೆ ಒಂದು ದಿನದ ಆರೋಗ್ಯವನ್ನಷ್ಟೇ ಹೇಳುತ್ತದೆ. ತುಂಬಿದ ಲಾರಿಗಳನ್ನು ನಿಲ್ಲಿಸಿ ಸೇತುವೆ ಎಷ್ಟು ಬಾಗಿತೆಂದು ಅಳೆಯುತ್ತಾರೆ. ಭಾರ ಇಳಿಸಿದ ಮೇಲೆ 24 ಗಂಟೆಗಳಲ್ಲಿ ಬಾಗಿದ್ದರಲ್ಲಿ ಕನಿಷ್ಠ 85% ಮರಳಬೇಕು. ಪೂರ್ವಬಿಗಿತದ, ಅಂದರೆ ಒಳಗೆ ಉಕ್ಕಿನ ಕೇಬಲ್‌ಗಳನ್ನು ಎಳೆದು ಬಿಗಿದ, ಕಾಂಕ್ರೀಟಿಗೆ ಇದೇ ಅಳತೆಗೋಲು.

ಆದರೆ 2021ರ ಡಿಸೆಂಬರಿನಲ್ಲಿ ಸಂಚಾರ ನಿಲ್ಲಿಸಿದ್ದು ಕಾಂಕ್ರೀಟು ಬಿರಿದು ಅಲ್ಲ, ಒಳಗಿನ ಉಕ್ಕಿನ ಕೇಬಲ್‌ಗಳು ಹಾಳಾಗಿ. ಕೇಬಲ್ ಹಾಯುವ ಕೊಳವೆಯೊಳಗೆ ಸಿಮೆಂಟ್ ಗ್ರೌಟ್ (ತೆಳುವಾದ ಗಾರೆ) ತುಂಬದ ಪೊಳ್ಳು ಉಳಿದರೆ ತೇವ ಸೇರಿ, ಹೊರಗೆ ಗುರುತೇ ಕಾಣದಂತೆ ತುಕ್ಕು ತಿನ್ನುತ್ತದೆ. ನನಗೆ ಭಯ ಹುಟ್ಟಿಸುವುದು ಇದೇ.

ಹಾಗಾಗಿ ಹೊಸ ಕೇಬಲ್ ಹಾಕಿದ ಮೇಲೂ ಬಾಗು, ಕಂಪನ, ಕಾಂಕ್ರೀಟಿನ ಹಿಗ್ಗುಕುಗ್ಗುಗಳನ್ನು ವರ್ಷಗಟ್ಟಲೆ ದಾಖಲಿಸಬೇಕು. ಬಿಸಿಲಿಗೇ ಸೇತುವೆ ಉಬ್ಬಿ ಇಳಿಯುವುದರಿಂದ ತಾಪಮಾನವನ್ನೂ ಜೊತೆಯಲ್ಲೇ ಬರೆದಿಡಬೇಕು. ಇಲ್ಲದಿದ್ದರೆ ಮಧ್ಯಾಹ್ನದ ಅಂಕಿಯನ್ನು ನಸುಕಿನ ಅಂಕಿಯೊಂದಿಗೆ ಹೋಲಿಸಿ ಸುಮ್ಮನೆ ಗಾಬರಿಯಾಗುತ್ತೇವೆ. ಮೊದಲ ದಿನದ ಅಳತೆಗಳಂತೂ ಅಮೂಲ್ಯ, ಅವಿಲ್ಲದೆ ಮುಂದಿನದ್ದಕ್ಕೆ ಅರ್ಥವೇ ಇಲ್ಲ.

2024ರ ಜುಲೈಯಲ್ಲಿ ಭಾರಿ ವಾಹನಗಳಿಗೆ ಮತ್ತೆ ಅವಕಾಶ ಕೊಟ್ಟಾಗ ಶುಕ್ರವಾರ ಮಾತ್ರ ಬೇಡವೆಂದದ್ದು ನಿರ್ವಹಣೆಗಾಗಿಯೇ. ಆ ಒಂದು ದಿನಕ್ಕೆ ದಯವಿಟ್ಟು ಬೇಸರಪಡಬೇಡಿ.