ಒಪ್ಪಿಗೆ ಕೊಟ್ಟಿದ್ದು ಚಿಕಿತ್ಸೆಗೆ, ವಿಡಿಯೊಗಲ್ಲ

(ದಂಪತಿಯ ಅನುಮತಿ ಪಡೆದು ಬರೆದ ಪ್ರಕರಣ. ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಗಿರಿಜಾ ಕೊಪ್ಪಳ ಜಿಲ್ಲೆಯ ನೀರಾವರಿ ಭಾಗದ ಒಂದು ಹಳ್ಳಿಯವರು. ಮದುವೆಯಾಗಿ ಹನ್ನೊಂದು ವರ್ಷಗಳ ಮೇಲೆ ಮಗುವಾಗಿದೆ. ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಕರೆತಂದವರು ಅತ್ತೆ. "ಮಗುವಿಗೆ ಹಾಲುಣಿಸುವಾಗಲೂ ಗೋಡೆಯ ಕಡೆ ಮುಖ ಮಾಡಿ ಕೂಡುತ್ತಾಳೆ. ಅಂಗನವಾಡಿಗೆ ಹೋಗು ಎಂದರೆ ಅಳುತ್ತಾಳೆ. ಏನಾಗಿದೆ ನೋಡಿರಿ ಮೇಡಂ" ಎಂದರು.

ಮಗು ಹುಟ್ಟಿದ್ದು ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕ್ಕೆ ಸೇರಿಸುವ) ಚಿಕಿತ್ಸೆಯಿಂದ. ಊರಿಗಾಗಲಿ ಅತ್ತೆಗಾಗಲಿ ಅದು ಗೊತ್ತಿರಲಿಲ್ಲ. ಹುಲಿಗೆಮ್ಮನಿಗೆ ಹೊತ್ತ ಹರಕೆ ಫಲಿಸಿತೆಂದೇ ಮನೆಯವರು ಹೇಳಿದ್ದರು. ತೊಟ್ಟಿಲ ಕಾರ್ಯ ಮುಗಿದ ಮರುವಾರ, ಚಿಕಿತ್ಸೆ ಕೊಟ್ಟ ಖಾಸಗಿ ಆಸ್ಪತ್ರೆಯ ಫೇಸ್‌ಬುಕ್ ಪುಟದಲ್ಲಿ ವಿಡಿಯೊ ಬಂತು. ಅದರಲ್ಲಿ ಗಿರಿಜಾ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಕೈಮುಗಿಯುತ್ತಾರೆ. ಹಿಂದೆ ವೈದ್ಯರ ಧ್ವನಿ: ಗಂಡನ ವೀರ್ಯಾಣು ಸಂಖ್ಯೆ ತೀರಾ ಕಡಿಮೆ ಇತ್ತು, ಬೇರೆ ಕಡೆ ಚಿಕಿತ್ಸೆ ಫಲಿಸಿರಲಿಲ್ಲ, ನಮ್ಮಲ್ಲಿ ಮೊದಲ ಪ್ರಯತ್ನದಲ್ಲೇ ಯಶಸ್ಸು. ಕೊನೆಗೆ ಆಸ್ಪತ್ರೆಯ ಫೋನ್ ನಂಬರು. ಎರಡು ದಿನದೊಳಗೆ ಅದು ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂತು. ಭತ್ತ ಒಯ್ದಿದ್ದ ಗಂಡನನ್ನು ರೈಸ್ ಮಿಲ್ಲಿನಲ್ಲಿ ಒಬ್ಬರು, ಮಗು ಯಾರನ್ನು ಹೋಲುತ್ತದೆ ಎಂದು ಕೇಳಿದರು. ಆತ ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಕ್ಯಾಮೆರಾದ ಮುಂದೆ ನಿಂತವಳು ನೀನೇ."

ಗಿರಿಜಾ ಕೂಡ ಅದನ್ನೇ ಹೇಳುತ್ತಿದ್ದರು, ನಾನೇ ನಿಂತೆ ಎಂದು. "ಬೇಡ ಎನ್ನಬೇಕಿತ್ತಲ್ಲವೇ?" ಎಂದು ಕೇಳುವುದು ಇಂಥ ಹೊತ್ತಿನಲ್ಲಿ ಕ್ರೌರ್ಯ. ಅದರ ಬದಲು ಆ ಗಳಿಗೆಯನ್ನು ವಿವರಿಸಲು ಕೇಳಿದೆ. ಬಿಡುಗಡೆಯ ದಿನ, ಬಿಲ್ಲಿನ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಮಗು ನರ್ಸ್ ಕೈಯಲ್ಲಿತ್ತು. "ಡಾಕ್ಟರ್‌ಗೆ ಎರಡು ಮಾತು ಹೇಳಮ್ಮಾ" ಎಂದರು. ಸಹಿ ಮಾಡಿಸಿಕೊಂಡ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಗಂಡನ ವರದಿಯ ಮಾತು ಸೇರುತ್ತದೆಂದು ಯಾರೂ ಹೇಳಿರಲಿಲ್ಲ. ಆ ಧ್ವನಿಯನ್ನು ಆಮೇಲೆ ಸೇರಿಸಿದ್ದರು. ಇದನ್ನೆಲ್ಲ ತಾವೇ ಹೇಳುತ್ತಾ ಹೋದಂತೆ ಗಿರಿಜಾ ಮೊದಲ ಸಲ ಸಿಟ್ಟಾದರು. ಅಲ್ಲಿಯವರೆಗೆ ಅವರಲ್ಲಿದ್ದದ್ದು ನಾಚಿಕೆ ಮಾತ್ರ. ಆ ಸಿಟ್ಟು ನನಗೆ ಒಳ್ಳೆಯ ಸೂಚನೆಯಾಗಿ ಕಂಡಿತು.

ನಿದ್ದೆಯಿಲ್ಲ, ಊಟ ಬೇಡ, ಮಗುವನ್ನು ನೋಡಿದರೆ ಭಯ. ಇವು ಬಾಣಂತಿಯ ಖಿನ್ನತೆಯ ಲಕ್ಷಣಗಳೂ ಆಗಿರಬಹುದು. ಆದ್ದರಿಂದ ಮಾತುಕತೆ ಮುಂದುವರಿಯುತ್ತಿರುವಾಗಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಚಿಕಿತ್ಸಾ ದಿನಕ್ಕೆ ಕಳುಹಿಸಿದೆ. ರಾತ್ರಿ ಮನಸ್ಸು ತಡೆಯದಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅತ್ತೆಯ ಮೊಬೈಲಿನಲ್ಲೂ ಉಳಿಸಿಕೊಟ್ಟೆ.

ಗಂಡನನ್ನು ಒಬ್ಬರನ್ನೇ ಕೂರಿಸಿ ಮಾತಾಡಿದೆ. ಅವರ ನೋವು ಚಿಕ್ಕದಲ್ಲ. ಅವರ ದೇಹದ ವರದಿಯನ್ನು ಜಾಹೀರಾತು ಮಾಡಲಾಗಿದೆ, ಅದಕ್ಕೆ ಅವರನ್ನು ಯಾರೂ ಕೇಳಿಯೇ ಇಲ್ಲ. "ನಿಮಗೆ ಅನ್ಯಾಯ ಮಾಡಿದ್ದು ನಿಮ್ಮ ಹೆಂಡತಿಯಲ್ಲ. ಇಬ್ಬರಿಗೂ ಒಂದೇ ಕಡೆಯಿಂದ ಪೆಟ್ಟು ಬಿದ್ದಿದೆ" ಎಂದೆ. ಬಹಳ ಹೊತ್ತು ಸುಮ್ಮನಿದ್ದು, ಕಾನೂನಿನಲ್ಲಿ ಇದಕ್ಕೆ ಏನಾದರೂ ಇದೆಯೇ ಎಂದು ಕೇಳಿದರು.

ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಪ್ರಕರಣಕ್ಕೆ ಇನ್ನೂ ನೇರವಾಗಿ ಅನ್ವಯಿಸುವುದು ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ, 2021. ಐವಿಎಫ್ ಕೇಂದ್ರಗಳು ದಂಪತಿಯ ಮಾಹಿತಿಯನ್ನು ಗೋಪ್ಯವಾಗಿ ಇಡಲೇಬೇಕು ಎಂದು ಅದು ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ಯಾವ ಉದ್ದೇಶಕ್ಕೆಂಬುದು ಗೊತ್ತಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಒಪ್ಪಿಗೆಯ ಕಲಮುಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವಿದೆ. ಹಾಗಾಗಿ ಆಸ್ಪತ್ರೆಗೆ ಬರೆಯುವ ಪತ್ರದಲ್ಲಿ 2021ರ ಕಾಯ್ದೆಯನ್ನೇ ಮುಂದಿಡಲು ಹೇಳಿದೆ.

ವಿಡಿಯೊದ ಕೆಳಗೆ ಯಾರೂ ಕಮೆಂಟ್ ಹಾಕಬಾರದು, ನೆಂಟರೂ ಜಗಳಕ್ಕೆ ಇಳಿಯಬಾರದು. ಕಮೆಂಟು ಹೆಚ್ಚಿದಷ್ಟೂ ಅದು ಇನ್ನಷ್ಟು ಜನರಿಗೆ ಕಾಣುತ್ತದೆ. ಮೊದಲು ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ಉಳಿಸಿಕೊಂಡೆವು. ನಂತರ ಕನ್ನಡದಲ್ಲೇ, ಇಬ್ಬರ ಸಹಿಯ ಪತ್ರ: ಒಪ್ಪಿಗೆ ಹಿಂಪಡೆದಿದ್ದೇವೆ, ಎಲ್ಲ ಜಾಲತಾಣಗಳಿಂದ ತೆಗೆಯಿರಿ, ಸಹಿ ಮಾಡಿಸಿದ ಹಾಳೆಯ ಪ್ರತಿ ಕೊಡಿ, ಉತ್ತರ ಲಿಖಿತವಾಗಿರಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ ಎಂದೆ. ಮಣಿಯದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ, ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಜನರ ಮೊಬೈಲುಗಳಿಗೆ ಹೋದ ಪ್ರತಿಗಳು ಮಾತ್ರ ಹಿಂದಕ್ಕೆ ಬರುವುದಿಲ್ಲ. ಅದನ್ನೂ ಮುಚ್ಚಿಡದೆ ಹೇಳಿದೆ. ಊರವರಿಗೆ ಕೊಡುವ ಉತ್ತರವನ್ನು ಮೂವರೂ ಸೇರಿ ಆರಿಸಿಕೊಂಡರು: "ಮಗು ನಮ್ಮದು. ಉಳಿದದ್ದು ನಮ್ಮ ಮನೆಯ ಮಾತು." ಐವಿಎಫ್ ಎಂದು ತಿಳಿದ ಅತ್ತೆ ಮುನಿಸಿಕೊಳ್ಳಬಹುದೆಂದು ಗಿರಿಜಾ ಹೆದರಿದ್ದರು. "ಡಾಕ್ಟರ ಕೈಗೆ ಗುಣ ಕೊಟ್ಟವಳೂ ಹುಲಿಗೆಮ್ಮನೇ" ಎಂದು ಅತ್ತೆ ಹರಕೆ ತೀರಿಸುವ ದಿನ ಗೊತ್ತುಮಾಡಲು ಹೊರಟರು.

ಅಂಗನವಾಡಿಯ ಭಯ ಬಿಡಿಸುವುದಕ್ಕೆ ಹೆಚ್ಚು ಸಮಯ ಹಿಡಿಯಿತು. 2025ರ ಜುಲೈನಿಂದ ಬಾಣಂತಿಯರು ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ತೋರಿಸಿ ಗುರುತು ದೃಢಪಡಿಸಬೇಕು. ಆ ಫೋಟೊ ಕೂಡ ಫೇಸ್‌ಬುಕ್‌ಗೆ ಹೋಗುತ್ತದೆಂದು ಗಿರಿಜಾ ನಂಬಿದ್ದರು. ನಂಬಿಕೆಗೆ ಕಾರಣವೂ ಇತ್ತು: ಆಹಾರ ಹಂಚುವಾಗ ಸಾಲಾಗಿ ನಿಲ್ಲಿಸಿ ತೆಗೆದ ಇನ್ನೊಂದು ಫೋಟೊ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿಗೂ, ಅಲ್ಲಿಂದ ಜಾಲತಾಣಕ್ಕೂ ಹೋಗಿದ್ದನ್ನು ಅವರು ನೋಡಿದ್ದರು. ಆ್ಯಪ್‌ನ ಫೋಟೊ ಗುರುತಿಗಾಗಿ, ಸಾರ್ವಜನಿಕ ಪ್ರದರ್ಶನಕ್ಕಲ್ಲ. ಸಾಲಿನ ಫೋಟೊ ಪ್ರಚಾರಕ್ಕಾಗಿ, ಅದಕ್ಕೆ ನಿಲ್ಲದಿದ್ದರೂ ಆಹಾರ ಕೊಡಲೇಬೇಕು. ಇದನ್ನು ಕಾರ್ಯಕರ್ತೆಗೆ ನಾನೇ ಫೋನಿನಲ್ಲಿ ಹೇಳಿದೆ. ಆಕೆ ಸಮಾಧಾನದಿಂದ ಕೇಳಿಕೊಂಡರು. ಹಸಿದವರ ಕೈಗೆ ಅನ್ನ ಕೊಡುವಾಗ ಮುಖವನ್ನೂ ಕೇಳುವ ಅಭ್ಯಾಸವನ್ನು ನಮ್ಮ ಕಚೇರಿಗಳು ಬಿಡಬೇಕು. ನೆರವು ಪಡೆದ ಬಡವರ ಚಿತ್ರವಿಲ್ಲದೆಯೂ ಯೋಜನೆಯ ವರದಿ ಬರೆಯಬಹುದು.

ಪತ್ರ ತಲುಪಿದ ಮೇಲೆ ಆಸ್ಪತ್ರೆ ಫೇಸ್‌ಬುಕ್‌ನಿಂದ ವಿಡಿಯೊ ತೆಗೆಯಿತು, ಯೂಟ್ಯೂಬಿನಲ್ಲಿ ಬಿಟ್ಟಿತು. ಎರಡನೆಯ ಪತ್ರಕ್ಕೆ ಅದೂ ಹೋಯಿತು. ಗಿರಿಜಾಗೆ ಔಷಧಿ ನಡೆದಿದೆ, ನಿದ್ದೆ ಬರುತ್ತಿದೆ. ಗಂಡ ಭತ್ತವನ್ನು ಈಗ ಬೇರೆ ಮಿಲ್ಲಿಗೆ ಒಯ್ಯುತ್ತಾರೆ. ಹಳೆಯ ಮಿಲ್ಲಿಗೆ ಹೋಗಬೇಕೆಂದು ನಾನು ಒತ್ತಾಯಿಸಿಲ್ಲ. ಸಹಿ ಮಾಡಿಸಿದ ಹಾಳೆಯ ಪ್ರತಿಯನ್ನು ಆಸ್ಪತ್ರೆ ಇನ್ನೂ ಕೊಟ್ಟಿಲ್ಲ. ಅದಕ್ಕಾಗಿ ಪ್ರಾಧಿಕಾರಕ್ಕೆ ಕೊಡುವ ದೂರನ್ನು ಗಂಡ ಹೆಂಡತಿ ಒಟ್ಟಿಗೆ ಕುಳಿತು ಬರೆಯುತ್ತಿದ್ದಾರೆ.