ಎರಡನೆಯ ಸಲ ಹೇಳಿದ ಕಥೆ: ಸಂಪಾದಕರ ಉತ್ತರ

ಡೊಂಬಿವಲಿಯ ಓದುಗರಿಗೆ ನಮಸ್ಕಾರ.

ರೀಮೇಕ್ ಚಿತ್ರವೊಂದು ಮೂಲಕ್ಕಿಂತ ಮೇಲಾಗಬಲ್ಲದು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ತಮ್ಮ ಮನಸ್ಸನ್ನು ನೋಯಿಸಿದೆ. ‘ರೀಮೇಕ್ ಎಂದರೆ ಪರರ ಎಂಜಲು, ಅದಕ್ಕೆ ಹೊಸ ಅಡುಗೆಯ ರುಚಿ ಎಲ್ಲಿಂದ ಬಂದೀತು?’ ಎಂದು ಕೇಳಿದ್ದೀರಿ. ಕನ್ನಡದಲ್ಲಿ ಕಥೆಗಳಿಗೆ ಬರವಿಲ್ಲದಿರುವಾಗಲೂ ನೆರೆಭಾಷೆಯಲ್ಲಿ ಗೆದ್ದದ್ದನ್ನೇ ತಂದು ಬಡಿಸುವುದನ್ನು ವರ್ಷಗಟ್ಟಲೆ ಕಂಡವರ ಸಿಟ್ಟು ಇದು. ನನಗೂ ಆ ಸಿಟ್ಟಿದೆ. ಆದರೂ ಎಂಜಲೆಂಬ ಮಾತನ್ನು ಒಪ್ಪಲಾರೆ.

ನಮ್ಮ ಮುಂಬಯಿಯ ನಿರ್ದೇಶಕರೊಬ್ಬರ ಕೆಲಸವನ್ನೇ ನೋಡೋಣ. ಮೆಹಬೂಬ್ ಖಾನ್ 1940ರಲ್ಲಿ ‘ಔರತ್’ ಎಂಬ ಚಿತ್ರ ಮಾಡಿದರು. 1957ರಲ್ಲಿ ಅದೇ ಕಥೆಯನ್ನು ‘ಮದರ್ ಇಂಡಿಯಾ’ ಎಂದು ಮತ್ತೆ ತೆಗೆದರು. ಸಾಲದಲ್ಲಿ ಮುಳುಗಿದ ರೈತ ಹೆಂಗಸು, ಬಡ್ಡಿ ಸಾಹುಕಾರ, ದಾರಿ ತಪ್ಪಿದ ಮಗ, ಆ ಮಗನನ್ನು ಕೈಯಾರೆ ಕೊಲ್ಲುವ ತಾಯಿ, ಹೀಗೆ ಎರಡರ ಹಂದರವೂ ಒಂದೇ. ಸಾಹುಕಾರ ಸುಖಿಲಾಲನ ಪಾತ್ರವನ್ನು ಎರಡರಲ್ಲೂ ವಹಿಸಿದವರು ಕನ್ಹಯ್ಯಾಲಾಲ್. ಆದರೆ ಆ ಹದಿನೇಳು ವರ್ಷಗಳಲ್ಲಿ ದೇಶ ಸ್ವತಂತ್ರವಾಗಿತ್ತು, ಅಣೆಕಟ್ಟುಗಳು ಏಳುತ್ತಿದ್ದವು, ಮೂವತ್ತರ ಹರೆಯದಲ್ಲಿದ್ದ ನಿರ್ದೇಶಕರು ಐವತ್ತಕ್ಕೆ ಬಂದಿದ್ದರು. ‘ಮದರ್ ಇಂಡಿಯಾ’ ಆರಂಭವಾಗುವಾಗ ಮುದುಕಿಯಾದ ಆ ತಾಯಿ, ರಾಧೆ, ಹೊಲದ ಹೆಂಟೆಯೊಂದನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಿರುತ್ತಾಳೆ, ಹಿಂದೆ ಟ್ರ್ಯಾಕ್ಟರುಗಳು ಓಡಾಡುತ್ತಿರುತ್ತವೆ. ಊರವರು ಅವಳ ಕೈಯಿಂದಲೇ ಕಾಲುವೆಯನ್ನು ಉದ್ಘಾಟಿಸಲು ಕರೆದೊಯ್ದು ಹಾರ ಹಾಕುತ್ತಾರೆ, ಅಲ್ಲಿಂದ ಕಥೆ ಅವಳ ಮದುವೆಯ ದಿನಕ್ಕೆ ಹೊರಳುತ್ತದೆ. ಕೊನೆಯಲ್ಲಿ ಆ ಕಾಲುವೆಗೆ ಹರಿದ ನೀರು ಕೆಂಪಾಗಿ ಕಾಣುತ್ತದೆ, ಮಗ ಬಿರ್ಜುವಿನ ರಕ್ತದಂತೆ. 1940ರಲ್ಲಿ ಆ ಕಾಲುವೆಯೇ ಇರಲಿಲ್ಲ. ಇದ್ದದ್ದು ಒಂದು ಮನೆಯ ದುಃಖ ಮಾತ್ರ. ಹೊಸ ನಾಡಿನ ಹಸಿರಿಗೆ ಯಾರ ಒಡಲು ಬರಿದಾಯಿತು ಎಂದು ಕೇಳುವುದಕ್ಕೆ ಆ ಕಥೆ ಎರಡನೆಯ ಸಲ ಹುಟ್ಟಬೇಕಾಯಿತು.

ಇನ್ನೊಂದು ದೃಶ್ಯವನ್ನೂ ಹೇಳದೆ ಇರಲಾರೆ. ನೆರೆ ಬಂದು ಎಲ್ಲವೂ ಕೊಚ್ಚಿಹೋದ ಮೇಲೆ, ಹಸಿದ ಮಕ್ಕಳಿಗಾಗಿ ರಾಧೆ ಮೈತುಂಬ ಕೆಸರು ಮೆತ್ತಿಕೊಂಡೇ ಸುಖಿಲಾಲನ ಮನೆಗೆ ಹೋಗುತ್ತಾಳೆ. ಅಲ್ಲಿರುವ ಲಕ್ಷ್ಮಿಯ ಮುಂದೆ ನಿಂತು, ಲೋಕದ ಭಾರ ಹೊರುವ ನೀನು ತಾಯ್ತನದ ಭಾರವನ್ನು ಹೊರಬಲ್ಲೆಯಾ ಎಂಬರ್ಥದಲ್ಲಿ ದೇವಿಯನ್ನೇ ಪ್ರಶ್ನಿಸುತ್ತಾಳೆ. ರಾಧೆಯಾಗಿ ನಟಿಸಿದ ನರ್ಗಿಸ್ ಅವರ ಮುಖದ ಮೇಲಿನ ಆ ಕೆಸರನ್ನು ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಹೊಲಮನೆ, ತಾಯಿ, ಸಾಲ ಎಲ್ಲವನ್ನೂ ಊರಲ್ಲಿ ಬಿಟ್ಟುಬಂದು ಈ ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗೆಂದು ಮೂಲದವರೇ ಕೈಹಾಕಿದ ಮಾತ್ರಕ್ಕೆ ರೀಮೇಕ್ ಮೇಲಾಗಿಬಿಡುತ್ತದೆಂದು ನಾನು ಹೇಳುತ್ತಿಲ್ಲ. ಪುಟ್ಟಣ್ಣ ಕಣಗಾಲರು ತಮ್ಮ ‘ನಾಗರಹಾವು’ ಚಿತ್ರವನ್ನು 1974ರಲ್ಲಿ ‘ಜಹ್ರೀಲಾ ಇನ್ಸಾನ್’ ಎಂದು ತಾವೇ ಹಿಂದಿಗೆ ತಂದರು. ರಾಮಾಚಾರಿ ಮತ್ತು ಚಾಮಯ್ಯ ಮೇಷ್ಟರ ನಡುವಿನ ಆ ಸಲುಗೆ, ಆ ಹಟ, ಎಲ್ಲವೂ ಕನ್ನಡದ ಮಾತಿನಲ್ಲೇ ಬೇರು ಬಿಟ್ಟಿದ್ದವು. ಹಿಂದಿಯಲ್ಲಿ ಅವು ಬಾಡಿದವು. ಮರಾಠಿಯ ‘ಸೈರಾಟ್’ 2017ರಲ್ಲಿ ‘ಮನಸು ಮಲ್ಲಿಗೆ’ಯಾದಾಗ ಅದೇ ನಾಯಕಿ ರಿಂಕು ರಾಜಗುರು ಇದ್ದರು, ಕಥೆಯೂ ಅದೇ ಇತ್ತು, ಮೂಲ ಕಥೆ ನಡೆಯುವ ಸೊಲ್ಲಾಪುರ ಜಿಲ್ಲೆಯ ಕರಮಾಳಾ ಸೀಮೆಯ ಮಾತಿನ ಬಿಸುಪು ಮಾತ್ರ ಕನ್ನಡದಲ್ಲಿ ನನಗೆ ಸಿಗಲಿಲ್ಲ. ಅಲ್ಲಿ ಇನ್ನೂ ಹೇಳಬೇಕಾದದ್ದೇನೂ ಉಳಿದಿರಲಿಲ್ಲವೆಂದೇ ನನಗನ್ನಿಸುತ್ತದೆ. ‘ಔರತ್’ನಲ್ಲಿ ಅದು ಉಳಿದಿತ್ತು, ಅದನ್ನು ಮೊದಲು ಕಂಡವರು ಅದರ ನಿರ್ದೇಶಕರೇ.

ಬಿಡುವಾದಾಗ ತಾವು ಎರಡನ್ನೂ, ಮೊದಲು ‘ಔರತ್’, ಆಮೇಲೆ ‘ಮದರ್ ಇಂಡಿಯಾ’, ನೋಡಬೇಕೆಂದು ಕೋರುತ್ತೇನೆ. ಕನ್ಹಯ್ಯಾಲಾಲರ ಸುಖಿಲಾಲ ಎರಡರಲ್ಲಿ ಯಾವುದರಲ್ಲಿ ಹೆಚ್ಚು ಭಯ ಹುಟ್ಟಿಸಿದನೆಂದು ಬರೆಯಿರಿ. ತಮ್ಮ ಉತ್ತರ ನನ್ನದಕ್ಕಿಂತ ಬೇರೆಯಾಗಿದ್ದರೂ ಅದನ್ನು ಪೂರ್ತಿಯಾಗಿ ಅಚ್ಚು ಮಾಡುತ್ತೇನೆ.

ಸಂಪಾದಕ