ಮಳೆ ನಿಂತ ಮೇಲೂ ಕುಂಚ ಹಿಡಿಯಲು ಮನಸ್ಸು ಬರುತ್ತಿಲ್ಲವೇ?

ಪ್ರಶ್ನೆ: ಕೆಲವು ವರ್ಷಗಳಿಂದ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತು ವಾರಕ್ಕೊಂದಾದರೂ ಮುಗಿಸುತ್ತಿದ್ದೆ. ಮಳೆಗಾಲದಲ್ಲಿ ನಿಲ್ಲಿಸಿದೆ. ದಸರಾ ಕಳೆದು ಮತ್ತೆ ಶುರು ಮಾಡಿದರೆ ಬಣ್ಣ ಮಚ್ಚೆಮಚ್ಚೆಯಾಗಿ ಕೂರುತ್ತದೆ. ಎರಡು ಹಾಳೆ ಕೆಟ್ಟರೆ ಎದ್ದು ಬಂದುಬಿಡುತ್ತೇನೆ. ಕೆರೆಯಲ್ಲೂ ಹೊಸದೇನೂ ಕಾಣುತ್ತಿಲ್ಲ. ಬೇರೆ ಜಾಗ ಹುಡುಕಬೇಕೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಜಾಗ ಬದಲಿಸುವ ಮೊದಲು ಕಾಗದ ನೋಡಿ. ಆಸಕ್ತಿ ಹೋಯಿತು ಎಂದು ಕೊರಗುವ ಎಷ್ಟೋ ಜನರಿಗೆ ನಿಜವಾಗಿ ಕೈಕೊಟ್ಟಿರುವುದು ಸಾಮಗ್ರಿ. ಜಲವರ್ಣದ ಕಾಗದಕ್ಕೆ ಜೆಲಟಿನ್ ಅಥವಾ ಗಂಜಿಯಂಥ ಅಂಟು ಹಾಕಿರುತ್ತಾರೆ, ಸೈಜಿಂಗ್ ಎನ್ನುವುದು ಇದನ್ನೇ. ಬಣ್ಣವನ್ನು ಮೇಲ್ಮೈಯಲ್ಲಿ ಹಿಡಿದಿಡುವುದು ಅದು. ಮಳೆಗಾಲದ ತೇವದಲ್ಲಿ ಕಣ್ಣಿಗೆ ಕಾಣದಷ್ಟು ಬೂಷ್ಟು ಹಿಡಿದು ಆ ಅಂಟು ಅಲ್ಲಲ್ಲಿ ಹಾಳಾಗುತ್ತದೆ. ಅಂಥ ಕಡೆ ಕಾಗದ ಬಣ್ಣವನ್ನು ಒಳಗೆ ಹೀರಿಕೊಂಡು ಕಪ್ಪು ಚುಕ್ಕೆ ಬೀಳುತ್ತದೆ. ನಿಮ್ಮ ಕೈಯಲ್ಲಿ ತಪ್ಪಿಲ್ಲ.

ಪರೀಕ್ಷೆ ಸುಲಭ. ಹಾಳೆಯ ಅಂಚಿನಲ್ಲಿ ಬರೀ ನೀರನ್ನು ಅಗಲ ಕುಂಚದಿಂದ ಬಳಿದು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಒಂದೇ ಸಮನೆ ಹೊಳೆದರೆ ಕಾಗದ ಸರಿಯಿದೆ. ಕೆಲವು ಕಡೆ ನೀರು ತಕ್ಷಣ ಇಂಗಿ ಮಂಕಾದರೆ ಅಂಟು ಹೋಗಿದೆ. ಆ ಹಾಳೆಯನ್ನು ಎಸೆಯಬೇಡಿ, ಇದ್ದಿಲಿನ ಚಿತ್ರಕ್ಕೆ, ಪೇಸ್ಟಲ್ ಎಂಬ ಬಣ್ಣದ ಕಡ್ಡಿಗೆ ಚೆನ್ನಾಗಿ ಬರುತ್ತದೆ. ಜಲವರ್ಣಕ್ಕೇ ಬೇಕೆಂದರೆ 10 ಗ್ರಾಂ ಸಾದಾ ಜೆಲಟಿನ್ ಪುಡಿಯನ್ನು ಅರ್ಧ ಲೀಟರ್ ತಣ್ಣೀರಿನಲ್ಲಿ ನೆನೆಸಿ, ಬೆಚ್ಚಗೆ ಮಾಡಿ ಕರಗಿಸಿ, ಅಗಲ ಕುಂಚದಿಂದ ಎರಡೂ ಬದಿ ಹಚ್ಚಿ ಒಣಗಿಸಿ. ಕುದಿಸಿದರೆ ಜೆಲಟಿನ್‌ನ ಹಿಡಿತವೇ ಕಡಿಮೆಯಾಗುತ್ತದೆ. ಮುಂದಿನ ಮಳೆಗಾಲಕ್ಕೆ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಗೋಡೆಗೆ ಒರಗಿಸಿ ಮಾತ್ರ ಇಡಬೇಡಿ.

ಇನ್ನು ಕೆರೆ. ಅದೇ ಜಾಗದಲ್ಲೇ ಇರಿ ಎಂಬುದು ನಮ್ಮ ಖಚಿತ ಸಲಹೆ. ಊರೂರು ಸುತ್ತಿದರೆ ಹೊಸ ವಸ್ತು ಸಿಗುತ್ತದೆ, ಋತು ಮಾತ್ರ ಕೈಗೆ ಸಿಗುವುದಿಲ್ಲ. ಒಂದೇ ಕಡೆ ಕೂತವರಿಗಷ್ಟೇ ವ್ಯತ್ಯಾಸ ತಿಳಿಯುತ್ತದೆ. ಏರಿಯಿಂದ ಕಾಣುವ ಚಾಮುಂಡಿ ಬೆಟ್ಟವನ್ನೇ ತೆಗೆದುಕೊಳ್ಳಿ. ಹಿಂಗಾರು ಮಳೆ ಬಿದ್ದ ಮರುದಿನ ಗಾಳಿಯ ಧೂಳು ತೊಳೆದುಹೋಗಿ ಬೆಟ್ಟ ಹತ್ತಿರ ಬಂದಂತಿರುತ್ತದೆ, ಅಂಚು ಚೂಪು, ಬಣ್ಣ ಕಡು ನೀಲಿ-ಹಸಿರು. ಡಿಸೆಂಬರ್ ಬೆಳಗಿನ ಮಂಜಿನಲ್ಲಿ ಬುಡ ಮಾಯವಾಗಿ ಮೇಲಿನ ಗೆರೆಯಷ್ಟೇ ಉಳಿಯುವುದುಂಟು. ಮಾರ್ಚ್ ಹೊತ್ತಿಗೆ ಧೂಳಿನ ಹಿಂದೆ ತೆಳು ಬೂದಿ, ಅಂಚೆಲ್ಲ ಮೆತ್ತಗೆ. ಇವು ಮೂರು ಬೇರೆಬೇರೆ ಚಿತ್ರ.

ಮಾಡುವ ಕ್ರಮ ಹೀಗಿರಲಿ. 300 ಜಿಎಸ್‌ಎಮ್‌ನ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ) ಒಂದು ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ. ವಾರಕ್ಕೆ ಒಂದು ತುಂಡು, ಅದೇ ಕಲ್ಲುಬೆಂಚು, ಅದೇ ಹೊತ್ತು, 20 ನಿಮಿಷ. ಬಣ್ಣ ಮೂರೇ: ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು), ಲೆಮನ್ ಹಳದಿ. ಮೊದಲ ಎರಡನ್ನು ಬೆರೆಸಿದರೆ ಮಳೆಮೋಡದ ಬೂದುಬಣ್ಣ ಸಿಗುತ್ತದೆ. ನೀಲಿ ಹೆಚ್ಚಾದರೆ ತಂಪು, ಸಿಯೆನ್ನಾ ಹೆಚ್ಚಾದರೆ ಬೆಚ್ಚಗೆ. ಹಿಂಬದಿಯಲ್ಲಿ ದಿನಾಂಕ ಮತ್ತು ಹಿಂದಿನ ವಾರಕ್ಕಿಂತ ಬದಲಾದ ಒಂದು ಸಂಗತಿ ಬರೆಯಿರಿ. ಚೆನ್ನಾಗಿ ಬಂತೇ ಎಂದು ಅಲ್ಲಿ ಬರೆಯಲೇಬೇಡಿ. ತುಂಡುಗಳನ್ನು ಸಾಲಾಗಿ ಗೋಡೆಗೆ ಅಂಟಿಸುತ್ತ ಹೋಗಿ. ಮುಂದಿನ ವಾರದ ಬೆಟ್ಟ ಹೇಗಿರಬಹುದು ಎಂಬ ಕುತೂಹಲ ತಾನಾಗಿ ನಿಮ್ಮನ್ನು ಹೊರಡಿಸುತ್ತದೆ. ಅಷ್ಟು ಸಾಕು.

ಪ್ರಶ್ನೆ: ನಮ್ಮ ಕಡೆ ಎತ್ತ ನೋಡಿದರೂ ಭತ್ತ, ಕಬ್ಬು, ತೆಂಗು. ಎಲ್ಲ ಚಿತ್ರವೂ ಒಂದೇ ಹಸಿರಾಗುತ್ತದೆ. ಬೇಸರ ಬಂದಿದೆ.
– ಓದುಗರು, ಮಂಡ್ಯ

ಉತ್ತರ: ಟ್ಯೂಬಿನ ಸಿದ್ಧ ಹಸಿರನ್ನು ಎರಡು ತಿಂಗಳು ಪೆಟ್ಟಿಗೆಯಿಂದ ಹೊರಗಿಡಿ. ನಿಮ್ಮ ಗದ್ದೆಯಲ್ಲಿ ಹಸಿರು ಒಂದಲ್ಲ. ಆಗ ತಾನೇ ನಾಟಿಯಾದ ಗದ್ದೆಯಲ್ಲಿ ಪೈರಿಗಿಂತ ನೀರೇ ಹೆಚ್ಚು, ಆದ್ದರಿಂದ ಮೊದಲು ಬಳಿಯಬೇಕಾದ್ದು ಆಕಾಶದ ಬಣ್ಣ. ಒಣಗಿದ ಮೇಲೆ ಪೈರಿನ ಗೀರು. ಎಳೆಯ ಪೈರಿಗೆ ಲೆಮನ್ ಹಳದಿಗೆ ಚಿಟಿಕೆಯಷ್ಟು ಪ್ರಷ್ಯನ್ ನೀಲಿ. ತೆನೆ ಬಾಗಿ ಬಲಿಯುವಾಗ ಮಣ್ಣಿನ ಹಳದಿಯಾದ ಯೆಲ್ಲೋ ಓಕರ್‌ಗೆ ಹಸಿರಿನ ಸುಳಿವು ಮಾತ್ರ. ಕಬ್ಬಿಗೆ ಓಕರ್ ಮತ್ತು ಅಲ್ಟ್ರಾಮರೀನ್ ಸೇರಿದ ಮಂಕು ಹಸಿರು ಒಪ್ಪುತ್ತದೆ. ಸೂಲಂಗಿ (ಕಬ್ಬಿನ ಹೂ) ಬಿಟ್ಟಾಗ ಮೇಲುಗಡೆ ಬಿಳಿಯ ಕಾಗದವನ್ನೇ ಉಳಿಸಿ, ಅಂಚಿಗೆ ನೇರಳೆ ಛಾಯೆಯ ಬೂದಿ ತಾಗಿಸಿ.

ತೆಂಗಿನ ಗರಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಬಿಸಿಲು ಬಿದ್ದ ಮೇಲ್ಮೈ ಆಕಾಶವನ್ನು ಪ್ರತಿಫಲಿಸಿ ಹೆಚ್ಚುಕಡಿಮೆ ಬೂದು-ನೀಲಿಯಾಗಿರುತ್ತದೆ, ಬೆಳಕು ಹಿಂದಿನಿಂದ ತೂರಿ ಬರುವ ಗರಿ ಹಳದಿ-ಹಸಿರು. ಇವೆರಡನ್ನು ಬೇರ್ಪಡಿಸಿದರೆ ಅರ್ಧ ಬೇಸರ ಹೋದಂತೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಗುಲ್‌ಮೊಹರ್ ಬರೆಯಬೇಕೆಂದು ಪ್ರತಿ ವರ್ಷ ಆಸೆ. ಬಣ್ಣ ಬೇಗ ಒಣಗಿ ಗೆರೆ ಬೀಳುತ್ತದೆ, ಕೆಂಪು ಕಂದಾಗುತ್ತದೆ.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಬಿಸಿಲೇರುವ ಮೊದಲೇ, ಬೆಳಿಗ್ಗೆ ಎಂಟೂವರೆಯೊಳಗೆ ಮುಗಿಸಿ. ಹಾಳೆಯ ಎರಡೂ ಬದಿ ನೀರು ಹಚ್ಚಿ ಅಕ್ರಿಲಿಕ್ ಹಲಗೆಯ ಮೇಲೆ ಒತ್ತಿ ಕೂರಿಸಿದರೆ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ಬಣ್ಣದ ನೀರಿಗೆ ನಾಲ್ಕೈದು ಹನಿ ಗ್ಲಿಸರಿನ್ ಸೇರಿಸಿ. ಜಾಸ್ತಿಯಾದರೆ ಚಿತ್ರ ಒಣಗಿದ ಮೇಲೂ ಅಂಟಂಟಾಗಿರುತ್ತದೆ. ಕೆಂಪು ಕಂದಾಗುವುದು ಹಸಿ ಹಸಿರಿಗೆ ತಾಗುವುದರಿಂದ. ಹೂವನ್ನು ಮೊದಲು ಬಳಿದು ಪೂರ್ತಿ ಒಣಗಲು ಬಿಡಿ, ಎಲೆಯ ಹಸಿರನ್ನು ಕೂದಲೆಳೆಯಷ್ಟು ಅಂತರ ಬಿಟ್ಟು ಹಾಕಿ.